ಜಾಫ್ನಾದ ಬಾಕಿ ಲೆಕ್ಕ

1987ರ ಜೂನ್ 4ರ ಮಧ್ಯಾಹ್ನ ಬೆಂಗಳೂರಿನಿಂದ ವಾಯುಪಡೆಯ ಐದು ಆಂಟೊನೊವ್-32 ವಿಮಾನಗಳು ದಕ್ಷಿಣಕ್ಕೆ ಹಾರಿದವು. ಒಳಗೆ ಸುಮಾರು 25 ಟನ್ ಪರಿಹಾರ ಸಾಮಗ್ರಿ, ಬೆಂಗಾವಲಿಗೆ ಮಿರಾಜ್ ಯುದ್ಧವಿಮಾನಗಳು, ನೋಡಿ ಬರೆಯಲು ಪತ್ರಕರ್ತರು. ಹಿಂದಿನ ದಿನವಷ್ಟೇ ಭಾರತ ಸಮುದ್ರದ ಮೂಲಕ ಕಳಿಸಿದ್ದ ಮೀನುಗಾರಿಕೆ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸು ಅಟ್ಟಿತ್ತು. ಅದಕ್ಕೆ ಉತ್ತರವಾಗಿ ಭಾರತ ಜಾಫ್ನಾದ ಮೇಲೆ ಆಕಾಶದಿಂದಲೇ ಆಹಾರದ ಗಂಟುಗಳನ್ನು ಇಳಿಸಿತು. ಆ ಕಾರ್ಯಾಚರಣೆಗೆ ‘ಪೂಮಾಲೈ’ ಎಂದು ಹೆಸರು. ಜಾಫ್ನಾದ ತಮಿಳರು ಆವತ್ತು ಬೀದಿಗೆ ಬಂದು ನಮ್ಮ ವಿಮಾನಗಳಿಗೆ ಕೈಬೀಸಿದರು. ನಾಲ್ಕೇ ತಿಂಗಳಲ್ಲಿ ಅದೇ ಬೀದಿಗಳಲ್ಲಿ ನಮ್ಮ ಸೈನಿಕರೂ ಅದೇ ಊರಿನ ಜನರೂ ಸಾಯತೊಡಗಿದರು.

ಭಾರತ ಹೊರದೇಶದಲ್ಲಿ ನಡೆಸಿದ ಆ ಯುದ್ಧದ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. 1971ರ ವಿಜಯೋತ್ಸವ ಆಚರಿಸುತ್ತೇವೆ, ಕಾರ್ಗಿಲ್ ದಿನದಂದು ಶಾಲೆಗಳಲ್ಲಿ ಭಾಷಣ ಮಾಡಿಸುತ್ತೇವೆ. ಶ್ರೀಲಂಕಾದಲ್ಲಿ 32 ತಿಂಗಳು ನಮ್ಮ ಸೈನ್ಯ ಹೋರಾಡಿತ್ತು ಎಂದರೆ ಇಂದಿನ ಕಾಲೇಜು ಹುಡುಗರು ಹೌದಾ ಎಂದು ಕೇಳುತ್ತಾರೆ. ಅವರನ್ನು ದೂರಲಾರೆ. ಮರೆತವರು ಅವರಲ್ಲ, ಅವರಿಗೆ ಹೇಳದೇ ಬಿಟ್ಟವರು ನಾವು. ಆದರೆ ಆ ಯುದ್ಧದ ಖರ್ಚನ್ನು ಎರಡೂ ದೇಶದ ಜನ ಇವತ್ತಿಗೂ ಕಟ್ಟುತ್ತಿದ್ದಾರೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1983ರ ಜುಲೈನಲ್ಲಿ ಕೊಲಂಬೊ ಮತ್ತಿತರ ಕಡೆ ತಮಿಳರ ಮೇಲೆ ಭೀಕರ ಹತ್ಯಾಕಾಂಡ ನಡೆಯಿತು. ನಿರಾಶ್ರಿತರು ತಮಿಳುನಾಡಿಗೆ ಬಂದರು. ಆಗಲೇ ನಮ್ಮ ಗುಪ್ತಚರ ಸಂಸ್ಥೆ ತಮಿಳು ಯುವಕರ ಗುಂಪುಗಳಿಗೆ ನಮ್ಮ ನೆಲದಲ್ಲೇ ಶಸ್ತ್ರ ತರಬೇತಿ ಕೊಟ್ಟಿತು. ಅವುಗಳಲ್ಲಿ ಎಲ್‌ಟಿಟಿಇ ಕೂಡ ಒಂದು. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಉಗ್ರರು 72 ಗಂಟೆಗಳಲ್ಲಿ ಆಯುಧ ಒಪ್ಪಿಸಬೇಕು, ತಮಿಳರ ಪ್ರಾಂತ್ಯಗಳಿಗೆ ಅಧಿಕಾರ ಸಿಗಬೇಕು, ಇದೆಲ್ಲ ನಡೆಯುವಂತೆ ಭಾರತದ ಪಡೆ ನಿಂತು ನೋಡಿಕೊಳ್ಳಬೇಕು. ಯಾರ ಕೈಯಲ್ಲಿ ಬಂದೂಕಿತ್ತೋ ಆ ಎಲ್‌ಟಿಟಿಇ ನಾಯಕ ಪ್ರಭಾಕರನ್ ಒಪ್ಪಂದದಲ್ಲಿ ಸಹಿದಾರನೇ ಅಲ್ಲ. ಸಿಂಹಳೀಯರಿಗೂ ಒಪ್ಪಂದ ಬೇಡವಾಗಿತ್ತು. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ನಮ್ಮ ಪ್ರಧಾನಿಗೆ ಅಲ್ಲಿನ ನಾವಿಕನೊಬ್ಬ ಬಂದೂಕಿನ ಹಿಡಿಯಿಂದಲೇ ಹೊಡೆದ. ಆ ಚಿತ್ರವನ್ನು ಇಡೀ ಜಗತ್ತು ನೋಡಿತು. ಅಷ್ಟು ಸ್ಪಷ್ಟ ಎಚ್ಚರಿಕೆ ಸಿಕ್ಕ ಮೇಲೂ ಯಾರೂ ನಿಂತು ಯೋಚಿಸಲಿಲ್ಲ.

ಶಾಂತಿಪಾಲನೆಗೆ ಹೋದ ಪಡೆ ಅಕ್ಟೋಬರ್ 10ರಂದು ಎಲ್‌ಟಿಟಿಇ ವಿರುದ್ಧ ‘ಆಪರೇಷನ್ ಪವನ್’ ಹೆಸರಿನ ಯುದ್ಧಕ್ಕಿಳಿಯಿತು. ಕೆಲವೇ ವಾರಗಳಲ್ಲಿ ಮುಗಿಯುವ ಕೆಲಸ ಎಂದು ಸೇನಾ ಮುಖ್ಯಸ್ಥ ಸುಂದರ್‌ಜಿ ಭರವಸೆ ಕೊಟ್ಟಿದ್ದರೆಂದು ಆಗ ಕೊಲಂಬೊದಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ಜೆ.ಎನ್. ದೀಕ್ಷಿತ್ ಮುಂದೆ ಬರೆದರು. ವಾರಗಳು ವರ್ಷಗಳಾದವು. ಒಂದು ಡಿವಿಷನ್ ಹೋಗಿದ್ದ ಕಡೆ ನಾಲ್ಕು ಡಿವಿಷನ್ ನಿಲ್ಲಬೇಕಾಯಿತು.

ಆ ಯುದ್ಧ ಎಂಥದ್ದೆಂದು ತಿಳಿಯಲು ಅದರ ಎರಡನೇ ರಾತ್ರಿ, ಅಕ್ಟೋಬರ್ 11ರ ರಾತ್ರಿಯೇ ಸಾಕು. ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್‌ಟಿಟಿಇ ನಾಯಕರಿದ್ದಾರೆ, ರಾತ್ರೋರಾತ್ರಿ ಹೆಲಿಕಾಪ್ಟರ್‌ನಲ್ಲಿ ಇಳಿದು ಹಿಡಿಯೋಣ ಎಂಬ ಯೋಜನೆ. ನಮ್ಮ ರೇಡಿಯೊ ಮಾತುಗಳನ್ನು ಅವರು ಮೊದಲೇ ಕದ್ದು ಕೇಳಿದ್ದರು. ಇಳಿಯುವ ಮೈದಾನದ ಸುತ್ತಲ ಕಟ್ಟಡಗಳಲ್ಲಿ ಬಂದೂಕು ಹಿಡಿದು ಕಾದು ಕೂತಿದ್ದರು. ಪ್ಯಾರಾ ಕಮಾಂಡೊಗಳು ಇಳಿದರು, ಅವರ ಹಿಂದೆ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ ಇಳಿದರು. ಗುಂಡಿನ ಸುರಿಮಳೆಗೆ ಹೆಲಿಕಾಪ್ಟರ್‌ಗಳು ಜಖಂಗೊಂಡು ಉಳಿದವರನ್ನು ಕರೆತರಲು ಆಗಲಿಲ್ಲ. ಕಮಾಂಡೊಗಳು ಹೋರಾಡುತ್ತ ಅಲ್ಲಿಂದ ಹೊರಬಿದ್ದರು. ಆ 30 ಜನ ಮಾತ್ರ ಬೆಳಗಾಗುವವರೆಗೂ, ಬೆಳಗಾದ ಮೇಲೂ, ಗುಂಡು ಮುಗಿಯುವವರೆಗೂ ಹೋರಾಡಿದರು. 29 ಮಂದಿ ಅಲ್ಲೇ ಸತ್ತರು. ಬದುಕುಳಿದ ಒಬ್ಬನೇ ಒಬ್ಬ ಸಿಪಾಯಿ ಸೆರೆಸಿಕ್ಕ. ಎದುರಾಳಿಯ ಬಲವೆಷ್ಟು, ಇಳಿಯುವ ಜಾಗ ಸುರಕ್ಷಿತವೇ ಎಂಬ ಮೂಲ ಪ್ರಶ್ನೆಗೆ ಉತ್ತರ ಹುಡುಕದೇ ಆ ಹುಡುಗರನ್ನು ಅಲ್ಲಿಗೆ ಕಳಿಸಲಾಗಿತ್ತು. ಅವರನ್ನು ಕಳಿಸಿದವರು ಯಾವ ಮಾಹಿತಿಯ ಮೇಲೆ ಕಳಿಸಿದರು ಎಂದು ಸಾರ್ವಜನಿಕವಾಗಿ ಯಾರೂ ಯಾರನ್ನೂ ಕೇಳಿಲ್ಲ.

ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಂತೆ ಆ ಯುದ್ಧದಲ್ಲಿ ಸತ್ತ ನಮ್ಮ ಯೋಧರು 1,165, ಗಾಯಗೊಂಡವರು 3,009. ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ಬಂದೂಕು ಕಿತ್ತುಕೊಂಡು ಹೋರಾಡಿ ಮಡಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಅದೊಂದು ಹೆಸರು ಹೇಗೋ ಉಳಿದಿದೆ. ಗಾಯಾಳುಗಳ ಕಥೆ ಬೇರೆ. ಎಲ್‌ಟಿಟಿಇಯವರು ರಸ್ತೆಗಳಲ್ಲಿ ಹೂತಿಟ್ಟ ನೆಲಬಾಂಬುಗಳಿಗೆ ಕಾಲು ಕೊಟ್ಟವರು ಬಹಳ. ಇಪ್ಪತ್ತೆರಡು, ಇಪ್ಪತ್ತಮೂರರ ಹರೆಯದಲ್ಲಿ ಕಾಲು ಕಳೆದುಕೊಂಡವರು ಈಗ ಅರುವತ್ತರ ಆಚೆ ಇದ್ದಾರೆ. ಒಂದು ಕೃತಕ ಕಾಲು ಜೀವನಪೂರ್ತಿ ಬಾಳುವುದಿಲ್ಲ. ಸವೆಯುತ್ತದೆ, ಬದಲಾಯಿಸಬೇಕು, ಮತ್ತೆ ಪುಣೆಯ ಸೇನಾ ಕೃತಕ ಅಂಗ ಕೇಂದ್ರಕ್ಕೆ ರೈಲು ಹತ್ತಬೇಕು. ವಯಸ್ಸಾದಂತೆ ಇನ್ನೊಂದು ಕಾಲಿನ ಮಂಡಿಯೂ ಸೋಲುತ್ತದೆ. 1990ರಲ್ಲಿ ಮುಗಿಯಿತು ಎನ್ನುವ ಯುದ್ಧದ ಖರ್ಚು ರಕ್ಷಣಾ ಪಿಂಚಣಿಯ ಬಾಬತ್ತಿನಲ್ಲಿ ಈ ವರ್ಷವೂ ಬೀಳುತ್ತದೆ, ಮುಂದಿನ ಇಪ್ಪತ್ತು ವರ್ಷವೂ ಬೀಳುತ್ತದೆ.

ಪಿಂಚಣಿಯ ಕಾಗದದಲ್ಲಿ ಕಾಣದ ಗಾಯವೂ ಇದೆ. ನನ್ನ ಪರಿಚಯದ, ಹಾಸನದ ಕಡೆಯ ನಿವೃತ್ತ ಸುಬೇದಾರರೊಬ್ಬರು ಬಟ್ಟಿಕಲೋವದಲ್ಲಿ ಇದ್ದವರು. ಯುದ್ಧದ ಮಾತು ತಾವಾಗಿ ಎತ್ತುವುದಿಲ್ಲ. ಒಮ್ಮೆ ಒಟ್ಟಿಗೆ ನಡೆದು ಹೋಗುವಾಗ, ಕೇಬಲ್‌ನವರು ಅಗೆದು ಮುಚ್ಚಿದ್ದ ಗುಂಡಿಯೊಂದನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿದುಬಿಟ್ಟರು. ಯಾಕೆ ಎಂದು ಕೇಳಿದೆ. “ಅಲ್ಲಿ ರೋಡಲ್ಲಿ ಹೊಸ ಮಣ್ಣು ಕಂಡ್ರೆ ಸಾವು ಅಂತ್ಲೇ ಲೆಕ್ಕ ಸಾರ್. ಇವತ್ತಿಗೂ ಕಾಲು ತಾನಾಗೇ ಪಕ್ಕಕ್ಕೆ ಹೋಗುತ್ತೆ” ಅಂದರು. ಅವರ ಮನೆಯವರು ಹೇಳಿದ್ದು ಇನ್ನೊಂದು ಮಾತು: “ದೀಪಾವಳಿಗೆ ಇವರು ಊರೊಳಗೆ ಇರೋದೇ ಇಲ್ಲ. ಮಕ್ಕಳು ಪಟಾಕಿ ಹಚ್ಚೋಕೆ ಮುಂಚೆ ತೋಟಕ್ಕೆ ಹೊರಟುಬಿಡ್ತಾರೆ.”

ಜಾಫ್ನಾದ ಜನರಿಗೂ ದೀಪಾವಳಿಯ ನೆನಪು ಬೇರೆಯೇ ಇದೆ. ಅದನ್ನು ಹೇಳದೆ ನಮ್ಮ ಸೈನಿಕರ ನೋವನ್ನಷ್ಟೇ ಹೇಳಿ ಮುಗಿಸುವುದು ಅನ್ಯಾಯ. 1987ರ ಅಕ್ಟೋಬರ್ 21, ದೀಪಾವಳಿಯ ದಿನ, ಭಾರತದ ಪಡೆ ಜಾಫ್ನಾ ಬೋಧನಾ ಆಸ್ಪತ್ರೆಯೊಳಗೆ ನುಗ್ಗಿತು. ಎಲ್‌ಟಿಟಿಇಯವರು ಆಸ್ಪತ್ರೆಯೊಳಗಿಂದ ಗುಂಡು ಹಾರಿಸಿದರು, ಎರಡು ಕಡೆಯ ಗುಂಡಿನ ನಡುವೆ ಜನ ಸಿಕ್ಕಿಬಿದ್ದರು ಎಂಬುದು ಸೈನ್ಯದ ವಾದ. ಬದುಕುಳಿದವರ ಹೇಳಿಕೆ ಹಾಗಿಲ್ಲ. ವಾರ್ಡಿನಲ್ಲಿ, ಕಚೇರಿಯಲ್ಲಿ, ಎಕ್ಸ್‌ರೇ ವಿಭಾಗದಲ್ಲಿ ಅಡಗಿದ್ದವರ ಮೇಲೆ ಗುಂಡು, ಗ್ರೆನೇಡ್ ಬಿದ್ದವು. ರಾತ್ರಿಯಿಡೀ ಹೆಣಗಳ ನಡುವೆ ಉಸಿರು ಬಿಗಿಹಿಡಿದು ಮಲಗಿದ್ದವರಿದ್ದಾರೆ. ಮರುದಿನ ಬೆಳಿಗ್ಗೆ ಹಿರಿಯ ಮಕ್ಕಳ ವೈದ್ಯರೊಬ್ಬರು ದಾದಿಯರನ್ನು ಜೊತೆಗೆ ಕರೆದುಕೊಂಡು, ಕೈ ಮೇಲೆತ್ತಿ, ನಾವು ವೈದ್ಯರು, ದಾದಿಯರು ಎಂದು ಕೂಗಿ ಹೇಳುತ್ತ ಹೊರಬಂದರು. ಅವರಿಗೂ ಗುಂಡು ಬಿತ್ತು. ರೋಗಿಗಳು, ಸಿಬ್ಬಂದಿ ಸೇರಿ ಸತ್ತವರು ಸುಮಾರು 70. ಆಸ್ಪತ್ರೆಯ ಸಿಬ್ಬಂದಿ ಪ್ರತಿ ಅಕ್ಟೋಬರ್ 21ರಂದು ಸತ್ತವರ ಭಾವಚಿತ್ರಗಳ ಮುಂದೆ ದೀಪ ಹಚ್ಚುತ್ತಾರೆ. ನಮ್ಮ ಸರ್ಕಾರ ಆ ದಿನದ ಬಗ್ಗೆ ಸ್ವತಂತ್ರ ತನಿಖೆ ಮಾಡಿಸಿ ವರದಿಯನ್ನು ಜನರ ಮುಂದಿಡಬೇಕಿತ್ತು. ಇಡಲಿಲ್ಲ. ಸೈನಿಕನನ್ನು ಗೌರವಿಸುವುದಕ್ಕೂ ಸತ್ತ ರೋಗಿಗೆ ನ್ಯಾಯ ಕೇಳುವುದಕ್ಕೂ ವಿರೋಧವಿದೆ ಎಂದು ನಾನು ಒಪ್ಪುವುದಿಲ್ಲ. ಪ್ರಾಮಾಣಿಕವಾಗಿ ಹೋರಾಡಿದ ಸಾವಿರಾರು ಸೈನಿಕರ ಮೇಲಿನ ಕಳಂಕ ಅಳಿಯಬೇಕಾದರೂ ಆ ತನಿಖೆ ಬೇಕು.

ಈ ಎಲ್ಲವನ್ನೂ ಆಗಲೇ ಬರೆದಿಟ್ಟ ಒಬ್ಬ ಹೆಣ್ಣುಮಗಳಿದ್ದಳು. ರಜನಿ ತಿರಣಗಮ ಜಾಫ್ನಾ ವೈದ್ಯಕೀಯ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರ ಕಲಿಸುತ್ತಿದ್ದವರು. ಸಹೋದ್ಯೋಗಿಗಳೊಂದಿಗೆ ಮನೆ ಮನೆಗೆ ಹೋಗಿ, ಭಾರತದ ಪಡೆ ಏನು ಮಾಡಿತು, ಎಲ್‌ಟಿಟಿಇ ಏನು ಮಾಡಿತು ಎಂದು ಜನರ ಬಾಯಿಂದಲೇ ಕೇಳಿ ದಾಖಲಿಸಿದರು. ಯಾರ ಪಕ್ಷವನ್ನೂ ವಹಿಸಲಿಲ್ಲ. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಕೊಂದದ್ದು ಎಲ್‌ಟಿಟಿಇ ಎಂಬುದು ಅವರ ಬಳಗದ ಆರೋಪ. ಆಕೆಗೆ ಆಗ 35 ವರ್ಷ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ. ಯುದ್ಧ ನುಂಗಿದ್ದು ಬಂದೂಕು ಹಿಡಿದವರನ್ನಷ್ಟೇ ಅಲ್ಲ, ಎರಡೂ ಕಡೆಗೆ ಸತ್ಯ ಹೇಳಬಲ್ಲವರನ್ನೂ ನುಂಗಿತು. ಹಾಗೆ ಖಾಲಿಯಾದ ಜಾಗವನ್ನು ಜಾಫ್ನಾ ಬಹುಕಾಲ ತುಂಬಿಕೊಳ್ಳಲಾಗಲಿಲ್ಲ.

ದಕ್ಷಿಣದ ಸಿಂಹಳ ಪ್ರದೇಶದಲ್ಲಿ ಆಗಿದ್ದು ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಬರಲಿಲ್ಲ. ಭಾರತದ ಸೈನ್ಯ ನೆಲದ ಮೇಲೆ ನಿಂತದ್ದನ್ನೇ ಮುಂದಿಟ್ಟುಕೊಂಡು ಜನತಾ ವಿಮುಕ್ತಿ ಪೆರಮುನ, ಅಂದರೆ ಜೆವಿಪಿ, ಸಶಸ್ತ್ರ ದಂಗೆಗೆ ಇಳಿಯಿತು. ಭಾರತದ ಸಾಮಾನು ಮಾರಿದರೆ ಕೊಲ್ಲುತ್ತೇವೆ ಎಂಬ ಬೆದರಿಕೆ ಅಂಗಡಿ ಅಂಗಡಿಗೆ ಬಂತು. ಶ್ರೀಲಂಕಾ ಸರ್ಕಾರ ದಂಗೆಯನ್ನು ಅಷ್ಟೇ ಕ್ರೂರವಾಗಿ ತುಳಿಯಿತು. 1987ರಿಂದ 1989ರ ನಡುವೆ ಸತ್ತವರು, ಕಾಣೆಯಾದವರು ಹತ್ತಾರು ಸಾವಿರ. ಉತ್ತರದಲ್ಲಿ ಶಾಂತಿ ತರುತ್ತೇವೆಂದು ಹೋಗಿ ದಕ್ಷಿಣದ ಬೆಂಕಿಗೆ ನಮಗರಿವಿಲ್ಲದೆ ಎಣ್ಣೆ ಹೊಯ್ದಂತಾಯಿತು. ಆ ಜೆವಿಪಿ ಮುಂದೆ ಬಂದೂಕು ಕೆಳಗಿಟ್ಟು ಚುನಾವಣೆಗೆ ಬಂತು. ಅದರ ನಾಯಕ ಅನುರ ಕುಮಾರ ದಿಸ್ಸನಾಯಕೆ 2024ರಲ್ಲಿ ಶ್ರೀಲಂಕಾದ ಅಧ್ಯಕ್ಷರಾದರು. ಅಧ್ಯಕ್ಷರಾಗಿ ಅವರು ಮೊದಲು ಬಂದದ್ದು ದೆಹಲಿಗೇ, ಅದು ಸಮಾಧಾನದ ಸಂಗತಿ. ಆದರೆ ನಮ್ಮ ವಿದೇಶಾಂಗ ಇಲಾಖೆ ಇವತ್ತು ಎದುರು ಕೂತು ಮಾತಾಡಬೇಕಾದ ಪಕ್ಷ ಬೆಳೆದದ್ದೇ ನಮ್ಮ ವಿರುದ್ಧದ ಸಿಟ್ಟಿನಲ್ಲಿ.

1989ರಲ್ಲಿ ಅಧ್ಯಕ್ಷ ಪ್ರೇಮದಾಸ ನಮ್ಮ ಪಡೆಗೆ ಹೊರಡಿ ಎಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡಲು ಎಲ್‌ಟಿಟಿಇಗೆ ಆಯುಧವನ್ನೂ ಕೊಟ್ಟರು. ಅದೇ ಎಲ್‌ಟಿಟಿಇ 1993ರ ಮೇ 1ರಂದು ಮಾನವ ಬಾಂಬ್ ಕಳಿಸಿ ಅವರನ್ನೂ ಕೊಂದಿತು. ಹೊರಡುವ ಮುಂಚೆ ನಾವು ಇನ್ನೊಂದು ಕೆಲಸ ಮಾಡಿದ್ದೆವು. ನಮ್ಮ ಬೆಂಬಲದ ಇಪಿಆರ್‌ಎಲ್‌ಎಫ್ ಮೊದಲಾದ ಗುಂಪುಗಳು ‘ತಮಿಳು ರಾಷ್ಟ್ರೀಯ ಸೇನೆ’ ಕಟ್ಟಲು ಊರೂರಿನಿಂದ ಹದಿಹರೆಯದ ಹುಡುಗರನ್ನು ಬಲವಂತವಾಗಿ ಎಳೆದುಕೊಂಡು ಬಂದವು. ಟ್ಯೂಷನ್‌ಗೆ ಹೋದ ಮಗ ಮನೆಗೆ ಬಾರದೆ ತಾಯಂದಿರು ಶಿಬಿರಗಳ ಬಾಗಿಲಲ್ಲಿ ಕಾದರು. ನಮ್ಮ ಪಡೆ ಒಂದೊಂದೇ ಜಿಲ್ಲೆ ಬಿಟ್ಟು ಹಿಂದೆ ಸರಿದಂತೆ ಎಲ್‌ಟಿಟಿಇ ಆ ಹುಡುಗರ ಮೇಲೆ ಬಿತ್ತು. ಶರಣಾದವರನ್ನೂ ಬಿಡಲಿಲ್ಲ. ನಮ್ಮನ್ನು ನಂಬಿದವರನ್ನು, ನಂಬಲೇಬೇಕಾಗಿ ಬಂದವರನ್ನು ಹಾಗೆ ಕೈಬಿಟ್ಟು ಬಂದೆವು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆ ತರುವುದು ಇದು.

1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಂಕೋಮಲಿಯಿಂದ ಹಡಗು ಹತ್ತಿತು. ಮದ್ರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದು ಬಂದ ಸೈನ್ಯವನ್ನು ನಾನು ಹೇಗೆ ಸ್ವಾಗತಿಸಲಿ ಎಂಬುದು ಅವರ ನಿಲುವು. ಅವರ ಸಿಟ್ಟು ಇರಬೇಕಾದದ್ದು ಸೈನ್ಯವನ್ನು ಕಳಿಸಿದವರ ಮೇಲೆ. ಹಡಗಿನಿಂದಿಳಿದ ಸೈನಿಕ ತಾನಾಗಿ ಅಲ್ಲಿಗೆ ಹೋದವನಲ್ಲ.

ಮರುವರ್ಷ ಮೇ 21ರ ರಾತ್ರಿ ಶ್ರೀಪೆರಂಬುದೂರು. ರಾಜೀವ್ ಮತ್ತೆ ಅಧಿಕಾರಕ್ಕೆ ಬಂದರೆ ಭಾರತದ ಸೈನ್ಯ ಮತ್ತೆ ಬರುತ್ತದೆ ಎಂಬ ಲೆಕ್ಕಾಚಾರದಲ್ಲಿ, ಸೇಡಿನಲ್ಲಿ, ಎಲ್‌ಟಿಟಿಇ ಅವರನ್ನು ಕೊಂದಿತು. ಅಲ್ಲೇ ನಿಂತಿದ್ದ ಪೊಲೀಸರು, ಕಾರ್ಯಕರ್ತರು ಕೂಡ ಸತ್ತರು. ತನಿಖಾ ತಂಡದ ಮುಖ್ಯಸ್ಥರಾಗಿದ್ದವರು ಕರ್ನಾಟಕ ಕೇಡರ್‌ನ ಡಿ.ಆರ್. ಕಾರ್ತಿಕೇಯನ್. ಬೆನ್ನಟ್ಟಿದ ಜಾಡು ಕೊನೆಗೆ ಬಂದು ನಿಂತದ್ದೂ ನಮ್ಮ ಅಂಗಳದಲ್ಲೇ. ಆಗಸ್ಟ್‌ನಲ್ಲಿ ಮುತ್ತೆತ್ತರಾಯನ ಕ್ಷೇತ್ರವಾದ ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ, ಗಾಯಗೊಂಡು ಅಡಗಿದ್ದ ಎಲ್‌ಟಿಟಿಇ ಹುಡುಗರು ಪೊಲೀಸರು ಬಂದಾಗ ಸಯನೈಡ್ ಕಚ್ಚಿ ಸತ್ತರು. ಬೆಂಗಳೂರಿನ ಹೊರವಲಯದ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ, ತನಿಖಾ ತಂಡ ಹುಡುಕುತ್ತಿದ್ದ ಶಿವರಸನ್, ಶುಭಾ ಮತ್ತು ಸಂಗಡಿಗರು ಸಿಕ್ಕಿಬಿದ್ದರು. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೊಗಳು ಬಾಗಿಲು ಒಡೆದು ನುಗ್ಗುವ ಹೊತ್ತಿಗೆ ಏಳು ಮಂದಿಯೂ ಹೆಣವಾಗಿದ್ದರು. ಅಕ್ಕಪಕ್ಕದ ಮನೆಯವರು ಬಾಗಿಲು ಹಾಕಿಕೊಂಡು ಕಳೆದ ಆ ರಾತ್ರಿಗಳನ್ನು ಕೋಣನಕುಂಟೆಯ ಹಳಬರು ಮರೆತಿಲ್ಲ. ಜಾಫ್ನಾದ ಗುಂಡಿನ ಸದ್ದು ಕನಕಪುರ ರಸ್ತೆಯವರೆಗೂ ಬಂದಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಹತ್ಯೆಯ ಹಿಂದಿನ ಸಂಚಿನ ಬಗ್ಗೆ ಜೈನ್ ಆಯೋಗ ವರ್ಷಗಟ್ಟಲೆ ವಿಚಾರಣೆ ನಡೆಸಿತು. 1997ರ ನವೆಂಬರ್‌ನಲ್ಲಿ ಅದರ ಮಧ್ಯಂತರ ವರದಿ ಆಗಿನ ಸರ್ಕಾರದ ಪಾಲುದಾರ ಡಿಎಂಕೆಯತ್ತ ಬೆರಳು ತೋರಿಸಿದ್ದೇ ತಡ, ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡು ಗುಜ್ರಾಲ್ ಸರ್ಕಾರ ಬಿತ್ತು, ದೇಶ ಮತ್ತೆ ಚುನಾವಣೆಗೆ ಹೋಯಿತು. ಹತ್ತು ವರ್ಷದ ಹಿಂದಿನ ಯುದ್ಧವೊಂದು ದೆಹಲಿಯ ಸರ್ಕಾರವನ್ನೇ ಉರುಳಿಸಿತು. ಕೊಲೆ ಪ್ರಕರಣದ ಕೊನೆಯ ಆರು ಅಪರಾಧಿಗಳು ಸುಪ್ರೀಂ ಕೋರ್ಟ್ ಆದೇಶದಂತೆ ಬಿಡುಗಡೆಯಾದದ್ದು 2022ರ ನವೆಂಬರ್‌ನಲ್ಲಿ, 31 ವರ್ಷದ ಮೇಲೆ.

ತಮಿಳುನಾಡಿನ ಶಿಬಿರಗಳಲ್ಲಿದ್ದ ನಿರಾಶ್ರಿತರು ಕಟ್ಟಿದ ಬೆಲೆ ಇನ್ನೂ ದೊಡ್ಡದು. ಕೊಲೆಗೂ ಅವರಿಗೂ ಸಂಬಂಧವಿರಲಿಲ್ಲ. ಆದರೆ 1991ರ ನಂತರ ಅವರೆಲ್ಲ ಅನುಮಾನದ ಜನರಾದರು, ಶಿಬಿರಗಳ ಮೇಲೆ ಕಣ್ಗಾವಲು ಬಿಗಿಯಾಯಿತು. 2021ರಲ್ಲೂ ಸುಮಾರು 58 ಸಾವಿರ ಮಂದಿ ಶಿಬಿರಗಳಲ್ಲೇ ಇದ್ದರು. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ಮದುವೆಯಾದವರಿಗೂ ಪೌರತ್ವವಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ.

ಇಷ್ಟೆಲ್ಲ ಕೊಟ್ಟು ಪಡೆದದ್ದೇನು? ಒಪ್ಪಂದದ ಫಲವಾಗಿ ಶ್ರೀಲಂಕಾ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು, ಪ್ರಾಂತೀಯ ಪರಿಷತ್ತುಗಳು ಬಂದವು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಒಂದುಗೂಡಿಸಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಪ್ರತ್ಯೇಕ ಉತ್ತರ ಪ್ರಾಂತ್ಯಕ್ಕೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. ಅದರ ಅವಧಿ 2018ಕ್ಕೆ ಮುಗಿದ ಮೇಲೆ ವರ್ಷಗಳ ಕಾಲ ರಾಜ್ಯಪಾಲರದೇ ಆಡಳಿತ. ಪೊಲೀಸ್, ಭೂಮಿಯ ಅಧಿಕಾರ ಪ್ರಾಂತ್ಯದ ಕೈಗೆ ಬರಲೇ ಇಲ್ಲ. ಪ್ರತಿ ಬಾರಿ ದೆಹಲಿಯ ನಾಯಕರು ಕೊಲಂಬೊಗೆ ಹೋದಾಗ 13ನೇ ತಿದ್ದುಪಡಿ ಜಾರಿ ಮಾಡಿ ಎಂದು ಕೇಳುತ್ತಾರೆ. ನಮ್ಮ 1,165 ಜನರ ಪ್ರಾಣದ ಮೇಲೆ ನಿಂತಿದ್ದ ಬೇಡಿಕೆ ಈಗ ಜಂಟಿ ಹೇಳಿಕೆಯ ಒಂದು ವಾಕ್ಯ.

ಇಲ್ಲಿ ನಾಗರಿಕರಾಗಿ ನಾವು ಕೇಳಬೇಕಾದ ಒಂದು ನಿರ್ದಿಷ್ಟ ವಿಷಯವಿದೆ. ಕಾರ್ಗಿಲ್ ಯುದ್ಧ ಮುಗಿದ ತಕ್ಷಣ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಕೂತಿತು. ಎಲ್ಲಿ ತಪ್ಪಾಯಿತು ಎಂದು ಪರಿಶೀಲಿಸಿತು. 2000ದಲ್ಲಿ ವರದಿ ಸಂಸತ್ತಿನ ಮುಂದೆ ಬಂತು, ಅದರ ಮೇಲೆ ಗುಪ್ತಚರ ವ್ಯವಸ್ಥೆಯಲ್ಲಿ ಬದಲಾವಣೆಗಳೂ ಆದವು. ಕಾರ್ಗಿಲ್‌ನಲ್ಲಿ ಸತ್ತವರಿಗಿಂತ ಶ್ರೀಲಂಕಾದಲ್ಲಿ ಸತ್ತ ನಮ್ಮ ಯೋಧರ ಸಂಖ್ಯೆ ಎರಡು ಪಟ್ಟು. ಆ ಯುದ್ಧದ ಬಗ್ಗೆ ಅಂಥ ಒಂದು ಪರಿಶೀಲನಾ ವರದಿ ಸಂಸತ್ತಿಗೆ ಬಂದಿಲ್ಲ. ನಮಗೆ ಗೊತ್ತಿರುವುದೆಲ್ಲ ನಿವೃತ್ತ ಜನರಲ್‌ಗಳು, ರಾಜತಾಂತ್ರಿಕರು ಬರೆದ ನೆನಪುಗಳಿಂದ. ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಜನರಲ್ ರಾಜತಾಂತ್ರಿಕನನ್ನು ದೂರುತ್ತಾರೆ, ರಾಜತಾಂತ್ರಿಕ ಜನರಲ್‌ನನ್ನು ದೂರುತ್ತಾರೆ.

ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಂದು ನೀತಿ ಪ್ರಕಟಿಸಿತು. ಯುದ್ಧ ಹಾಗೂ ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆಯಿಂದ ಬಿಡುಗಡೆ ಮಾಡಬೇಕು, ಇತಿಹಾಸ ಸಂಕಲಿಸಿದ ನಂತರ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕು ಎಂದು ಅದು ಹೇಳುತ್ತದೆ. ಶ್ರೀಲಂಕಾದಿಂದ ಸೈನ್ಯ ಮರಳಿದ ದಿನದಿಂದ ಎಣಿಸಿದರೆ 25 ವರ್ಷ ತುಂಬಿದ್ದು 2015ಕ್ಕೆ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರು ಹೋಗುತ್ತಾರೆ. ಅವರಲ್ಲಿ ಯಾವ ಪಕ್ಷದವರಾದರೂ ಸರಿ, ಒಬ್ಬರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಹಾಕಲಿ: ‘ಆಪರೇಷನ್ ಪವನ್’ ದಾಖಲೆಗಳಲ್ಲಿ ಎಷ್ಟು ಪತ್ರಾಗಾರಕ್ಕೆ ಹೋಗಿವೆ, ಎಷ್ಟು ಇನ್ನೂ ಸಚಿವಾಲಯದಲ್ಲೇ ಉಳಿದಿವೆ, ಅಕ್ಟೋಬರ್ 11ರ ರಾತ್ರಿಯ ಮತ್ತು ಅಕ್ಟೋಬರ್ 21ರ ಕಡತಗಳು ಎಲ್ಲಿವೆ? ಪ್ರಶ್ನೆ ಹಾಕಿಸಲು ಮತದಾರರಾದ ನಾವು ಅವರಿಗೊಂದು ಪತ್ರ ಬರೆಯಬೇಕು. ನನ್ನ ಕ್ಷೇತ್ರದ ಸದಸ್ಯರಿಗೆ ನಾನು ಈ ವಾರ ಬರೆಯುತ್ತಿದ್ದೇನೆ.